ಕಸಿಗಿಡದ ಬೇರು ಮತ್ತು ಬರ

ಬೆಂಗಳೂರಿನ ಉತ್ತರಕ್ಕೆ ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಮುಂದೆ ಸಾಗಿದರೆ ರಾಜಾನುಕುಂಟೆ ಎಂಬ ಊರು ಸಿಕ್ಕುತ್ತದೆ. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ಹೊಂಡ. ಊರಿನ ಹೆಸರಿನಲ್ಲಿಯೇ ನೀರಿದೆ; ಆದರೆ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಬರುವ ಅರ್ಕಾವತಿಯು ಮಳೆಯನ್ನೇ ನಂಬಿದ ನದಿ. ಅದಕ್ಕೆ ಅಡ್ಡಲಾಗಿ ರಾಜಾನುಕುಂಟೆಯ ಪಶ್ಚಿಮಕ್ಕಿರುವ ಹೆಸರಘಟ್ಟದ ಕೆರೆಯಿಂದ ೧೮೯೦ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರನ್ನು ಸಾಗಿಸುವ ಏರ್ಪಾಡಾಯಿತು. ಆ ಕೆರೆಯೇ ಮುಂದೆ ಎಷ್ಟೋ ವರ್ಷ ಬರಿದಾಗಿ ನಿಂತದ್ದುಂಟು.

ಇಂಥ ನೆಲದಲ್ಲಿ ಹಣ್ಣಿನ ತೋಟ ಮಾಡುವವನು ಕೊಳವೆಬಾವಿಯನ್ನು ನಂಬುತ್ತಾನೆ. ಕೊಳವೆಬಾವಿಗಳಾದರೋ ಈ ಭಾಗದಲ್ಲಿ ಸಾವಿರ ಅಡಿಯನ್ನು ದಾಟಿ ಇಳಿದಿವೆ. ಅಷ್ಟು ಇಳಿದೂ ನೀರು ಸಿಕ್ಕದೆ ಹೋಗುವುದುಂಟು. ದ್ರಾಕ್ಷಿಯ ಬಳ್ಳಿಯನ್ನೋ ಮಾವಿನ ಸಸಿಯನ್ನೋ ನೆಟ್ಟವನು ಹದಿನೈದು ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಅದನ್ನೇ ನೆಚ್ಚಿಕೊಂಡಿರಬೇಕು. ಅಷ್ಟು ವರ್ಷಗಳಲ್ಲಿ ಒಂದೆರಡು ಬರವಾದರೂ ಬಾರದೆ ಇರದು. ಆ ಬರವನ್ನು ಗಿಡವು ತಾಳೀತೆ, ತಾಳದೆ? ಈ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲು ಗಿಡವನ್ನು ನೆಡುವ ದಿನವೇ ತೀರ್ಮಾನವಾಗಿಬಿಡುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದು ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಒಂದು ಗಿಡ, ಎರಡು ಸಸ್ಯ

ನರ್ಸರಿಯಲ್ಲಿ ನಾವು ಕೊಳ್ಳುವ ಕಸಿಗಿಡವು ನಿಜವಾಗಿ ಒಂದು ಸಸ್ಯವಲ್ಲ, ಎರಡು. ಮಣ್ಣಿನೊಳಗೆ ಬೇರು ಬಿಟ್ಟಿರುವ ಕೆಳಭಾಗಕ್ಕೆ ಬೇರುಸಸಿಯೆಂದು ಹೆಸರು. ಅದರ ಮೇಲೆ ಕೂಡಿಸಿದ, ಮುಂದೆ ಎಲೆ ಹೂ ಹಣ್ಣುಗಳನ್ನು ಕೊಡುವ ಭಾಗಕ್ಕೆ ಕಸಿಕಡ್ಡಿಯೆಂದು ಹೆಸರು. ಎರಡರ ಕೊಯ್ದ ಮುಖಗಳನ್ನು ಒಂದಕ್ಕೊಂದು ತಾಗುವಂತೆ ಇಟ್ಟು ಬಿಗಿಯಾಗಿ ಕಟ್ಟಿದರೆ, ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕೇಂಬಿಯಂ ಎಂಬ ತೆಳುಪದರದ ಜೀವಕೋಶಗಳು ವಿಭಜನೆ ಹೊಂದಿ ಗಾಯವನ್ನು ತುಂಬುತ್ತವೆ. ಕೆಲವು ವಾರಗಳಲ್ಲಿ ನೀರು ಏರುವ ನಾಳಗಳೂ ಆಹಾರ ಇಳಿಯುವ ನಾಳಗಳೂ ಈ ಸೇತುವೆಯ ಮೂಲಕ ಕೂಡಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಎರಡೂ ಸೇರಿ ಒಂದೇ ಬಾಳು ಬಾಳುತ್ತವೆ.

ಬಾಳು ಒಂದಾದರೂ ವಂಶ ಬೆರೆಯುವುದಿಲ್ಲ. ಕಸಿಯ ಗಂಟಿನಿಂದ ಮೇಲಿನ ಪ್ರತಿಯೊಂದು ಜೀವಕೋಶವೂ ಕಸಿಕಡ್ಡಿಯ ಜಾತಿಯದು. ಕೆಳಗಿನದೆಲ್ಲ ಬೇರುಸಸಿಯ ಜಾತಿಯದು. ಬಾದಾಮಿ ಮಾವಿನ ಕಡ್ಡಿಯನ್ನು ಯಾವ ನಾಟಿ ಮಾವಿನ ಮೇಲೆ ಕಟ್ಟಿದರೂ ಬಿಡುವುದು ಬಾದಾಮಿಯೇ. ಕೊಳ್ಳುವವನು ಹಣ್ಣಿನ ಹೆಸರನ್ನು ಮಾತ್ರ ಕೇಳಿ ಗಿಡವನ್ನು ತರುವುದಕ್ಕೆ ಇದೇ ಕಾರಣ. ಆದರೆ ಆ ಹಣ್ಣಿಗೆ ನೀರನ್ನು ತಂದುಕೊಡುವ ಕೆಲಸ ಪೂರ್ತಿಯಾಗಿ ಇನ್ನೊಂದು ಸಸ್ಯದ್ದು. ಬೇರುಸಸಿಯ ಹೆಸರನ್ನು ಕೇಳದೆ ಕಸಿಗಿಡ ಕೊಳ್ಳುವುದೆಂದರೆ ಅರ್ಧ ಗಿಡವನ್ನು ನೋಡದೆಯೇ ಕೊಂಡಂತೆ.

ಬರವನ್ನು ತಾಳುವ ಗುಣ ಬೇರಿನಿಂದ ಬಂದಿತೋ ಎಲೆಯಿಂದ ಬಂದಿತೋ ಎಂದು ತಿಳಿಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಬಳಸುವ ಉಪಾಯ ಸರಳವಾದುದು. ಬರವನ್ನು ತಾಳುವ ಜಾತಿಯನ್ನು 'ಅ' ಎಂದೂ ತಾಳದ ಜಾತಿಯನ್ನು 'ಬ' ಎಂದೂ ಕರೆಯೋಣ. ಅ ಬೇರಿನ ಮೇಲೆ ಬ ಕಡ್ಡಿ, ಬ ಬೇರಿನ ಮೇಲೆ ಅ ಕಡ್ಡಿ, ಹೀಗೆ ಅದಲುಬದಲಾಗಿ ಕಸಿ ಮಾಡಬೇಕು. ಇವುಗಳ ಜೊತೆಗೆ ಅ ಮೇಲೆ ಅ, ಬ ಮೇಲೆ ಬ ಎಂದು ಇನ್ನೆರಡು ಬಗೆಯ ಕಸಿಯನ್ನೂ ಮಾಡಬೇಕು. ಏಕೆಂದರೆ ಕೊಯ್ದು ಕಟ್ಟಿದ ಗಾಯವೇ ಗಿಡದ ನಡವಳಿಕೆಯನ್ನು ಬದಲಿಸಬಹುದು. ನಾಲ್ಕು ಬಗೆಯ ಗಿಡಗಳಿಗೂ ಒಂದೇ ಅಳತೆಯಲ್ಲಿ ನೀರನ್ನು ತಗ್ಗಿಸಿದಾಗ ಅ ಬೇರಿರುವ ಗಿಡಗಳೆಲ್ಲ ಹೆಚ್ಚು ಕಾಲ ತಾಳಿದರೆ ಗುಣವು ಬೇರಿನದು. ಅ ಎಲೆಯಿರುವ ಗಿಡಗಳು ತಾಳಿದರೆ ಗುಣವು ಎಲೆಯದು.

ದ್ರಾಕ್ಷಿಯ ಬೇರು ಬದಲಾದ ಕಥೆ

ಬೇರುಸಸಿಯ ಮಹತ್ವವನ್ನು ಜಗತ್ತಿಗೆ ಕಲಿಸಿದ ಬೆಳೆ ದ್ರಾಕ್ಷಿ; ಕಲಿಸಿದುದು ಬರವಲ್ಲ, ಒಂದು ಕೀಟ. ೧೮೬೦ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. ೧೮೬೮ರಲ್ಲಿ ಪ್ಲಾಂಶೋನ್ ಎಂಬ ಸಸ್ಯವಿಜ್ಞಾನಿಯೂ ಅವನ ಸಂಗಡಿಗರೂ ಬಳ್ಳಿಗಳನ್ನು ಅಗೆದು ನೋಡಿದಾಗ, ಬೇರಿನಲ್ಲಿ ರಸ ಹೀರುವ ಫಿಲಾಕ್ಸೆರ ಎಂಬ ಸೂಕ್ಷ್ಮ ಕೀಟ ಕಂಡಿತು. ಅದು ಅಮೆರಿಕದಿಂದ ಬಂದದ್ದು. ಅಮೆರಿಕದ ಕಾಡುದ್ರಾಕ್ಷಿಗಳು ಆ ಕೀಟದೊಡನೆ ಬಹುಕಾಲ ಬಾಳಿ ಅದನ್ನು ತಾಳುವ ಬೇರನ್ನು ಪಡೆದಿದ್ದವು. ಆ ಬೇರುಗಳ ಮೇಲೆ ಯೂರೋಪಿನ ದ್ರಾಕ್ಷಿಯನ್ನು ಕಸಿ ಮಾಡಿ ಫ್ರಾನ್ಸು ತನ್ನ ತೋಟಗಳನ್ನು ಉಳಿಸಿಕೊಂಡಿತು. ಈ ಕಾರ್ಯದಲ್ಲಿ ನೆರವಾದ ಟೆಕ್ಸಸ್ ಪ್ರಾಂತ್ಯದ ಟಿ. ವಿ. ಮನ್ಸನ್ ಎಂಬ ದ್ರಾಕ್ಷಿ ತಜ್ಞನಿಗೆ ೧೮೮೮ರಲ್ಲಿ ಫ್ರೆಂಚ್ ಸರ್ಕಾರದ ಗೌರವ ಸಂದಿತು.

ಅಮೆರಿಕದ ಕಾಡುಬಳ್ಳಿಗಳೆಲ್ಲ ಒಂದೇ ತೆರನಾಗಿರಲಿಲ್ಲ. ಹೊಳೆದಂಡೆಯಲ್ಲಿ ಬೆಳೆಯುವ ರಿಪೇರಿಯ ಜಾತಿಯ ಬೇರು ಮೇಲ್ಮಣ್ಣಿನಲ್ಲಿಯೇ ಹರಡಿಕೊಳ್ಳುವಂಥದು. ಒಣ ಕಲ್ಲುನೆಲದ ರುಪೆಸ್ಟ್ರಿಸ್ ಜಾತಿಯ ಬೇರು ನೇರವಾಗಿ ಕೆಳಕ್ಕೆ ಇಳಿಯುವಂಥದು. ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಬರ್ಲಾಂಡಿಯೆರಿ ಮತ್ತೊಂದು ಜಾತಿ. ಬರ್ಲಾಂಡಿಯೆರಿ ಮತ್ತು ರುಪೆಸ್ಟ್ರಿಸ್ ಜಾತಿಗಳನ್ನು ಕೂಡಿಸಿ ಪಡೆದ '೧೧೦ ರಿಷ್ಟರ್' ಇಂದಿಗೂ ಬರವನ್ನು ತಾಳುವ ಬೇರುಸಸಿಯೆಂದು ಹೆಸರಾಗಿದೆ. ಟೆಕ್ಸಸಿನ ಡಾಗ್‌ರಿಡ್ಜ್ ಎಂಬ ದಿಣ್ಣೆಯಿಂದ ಆರಿಸಿದ, ಚಾಂಪಿನಿಯೈ ಜಾತಿಯ ಒಂದು ಬಳ್ಳಿಗೆ ಆ ದಿಣ್ಣೆಯ ಹೆಸರೇ ಉಳಿಯಿತು. ಇದೇ ಮುಂದೆ ನಮ್ಮ ನಾಡಿಗೆ ಬಂದ 'ಡಾಗ್‌ರಿಡ್ಜ್' ಬೇರುಸಸಿ.

ನಮ್ಮಲ್ಲಿ ಫಿಲಾಕ್ಸೆರ ಕೀಟದ ಹಾವಳಿ ದೊಡ್ಡ ಸಮಸ್ಯೆಯಾಗಿರಲಿಲ್ಲ. ಆದ್ದರಿಂದ ಕರ್ನಾಟಕದ ದ್ರಾಕ್ಷಿ ಬಹುಕಾಲ ಸ್ವಂತ ಬೇರಿನ ಮೇಲೆಯೇ ನಿಂತಿತ್ತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಚಪ್ಪರಗಳಲ್ಲಿ ತೂಗುವ 'ಬೆಂಗಳೂರು ನೀಲಿ' ದ್ರಾಕ್ಷಿಯನ್ನು ಕಡ್ಡಿ ನೆಟ್ಟು ಸ್ವಂತ ಬೇರಿನಲ್ಲಿ ಬೆಳೆಸುವುದೇ ವಾಡಿಕೆ. ಆದರೆ ಥಾಮ್ಸನ್ ಸೀಡ್‌ಲೆಸ್ ಮುಂತಾದ ಬೀಜರಹಿತ ತಳಿಗಳು ಅಷ್ಟು ಗಟ್ಟಿಯಲ್ಲ. ವಿಜಯಪುರ, ಬಾಗಲಕೋಟೆಗಳಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಬಾವಿಗಳು ಬತ್ತಿ, ಉಳಿದ ನೀರಿನಲ್ಲಿ ಉಪ್ಪಿನ ಅಂಶ ಏರಿದಾಗ, ಸ್ವಂತ ಬೇರಿನ ಬಳ್ಳಿಗಳು ಸೋಲತೊಡಗಿದವು. ೧೯೯೦ರ ದಶಕದಿಂದೀಚೆಗೆ ರೈತರು ಡಾಗ್‌ರಿಡ್ಜಿನ ಕಡೆಗೆ ಹೆಚ್ಚು ಹೆಚ್ಚಾಗಿ ತಿರುಗಿದರು. ಮೊದಲು ಡಾಗ್‌ರಿಡ್ಜ್ ಕಡ್ಡಿಗಳನ್ನು ತೋಟದಲ್ಲಿ ನೆಟ್ಟು ಬೇರೂರಿಸಿ, ಅನಂತರ ಅದರ ಮೇಲೆ ಬೇಕಾದ ತಳಿಯನ್ನು ಬೆಣೆಯಾಕಾರದಲ್ಲಿ ಕೊಯ್ದು ಕೂಡಿಸುವುದು ಈಗ ಎಲ್ಲರೂ ಬಲ್ಲ ಪದ್ಧತಿ. ಫ್ರಾನ್ಸು ಕೀಟಕ್ಕೆ ಹೆದರಿ ಬೇರನ್ನು ಬದಲಿಸಿತು; ನಾವು ಬರಕ್ಕೂ ಉಪ್ಪಿಗೂ ಹೆದರಿ ಬದಲಿಸಿದೆವು.

ಈ ವಿಷಯದಲ್ಲಿ ಪ್ರಯೋಗಗಳು ನಡೆದಿರುವ ಒಂದು ಮುಖ್ಯ ಸ್ಥಳ ರಾಜಾನುಕುಂಟೆಯ ನೆರೆಯಲ್ಲಿಯೇ ಇದೆ. ಅದು ೧೯೬೭ರಲ್ಲಿ ಸ್ಥಾಪಿತವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸೀಡ್‌ಲೆಸ್ ತಳಿಗಳನ್ನು ಕೂಡಿಸಿ ಅಲ್ಲಿ ರೂಪಿಸಿದ ಒಂದು ದ್ರಾಕ್ಷಿ ತಳಿಗೆ ನೆರೆಯ ನದಿಗಿರುವ 'ಅರ್ಕಾವತಿ' ಎಂಬ ಹೆಸರೇ ಇದೆ. ಹೊಸ ತಳಿಗಳ ಜೊತೆಗೆ, ಯಾವ ಬೇರಿನ ಮೇಲೆ ಯಾವ ತಳಿ ಬರವನ್ನು ಹೇಗೆ ತಾಳುತ್ತದೆ ಎಂಬುದನ್ನೂ ಅಲ್ಲಿ ಪರೀಕ್ಷಿಸಲಾಗಿದೆ.

ಬೇರು ಬರವನ್ನು ಎದುರಿಸುವ ನಾಲ್ಕು ಬಗೆ

ಬರವನ್ನು ತಾಳುವುದೆಂದರೆ ಒಂದೇ ಗುಣವಲ್ಲ. ಬೇರುಸಸಿಯು ನಾಲ್ಕು ಬೇರೆಬೇರೆ ದಾರಿಗಳಿಂದ ಗಿಡಕ್ಕೆ ನೆರವಾಗಬಲ್ಲದು.

ಮೊದಲನೆಯದು ಬೇರಿನ ಹರವು. ಸಾವಿರ ಅಡಿ ಆಳದ ಅಂತರ್ಜಲಕ್ಕೆ ಯಾವ ದ್ರಾಕ್ಷಿಯ ಬೇರೂ ಇಳಿಯಲಾರದು. ಬೇರಿಗೆ ದಕ್ಕುವುದು, ಮಳೆಯಾಗಿ ಬಿದ್ದು ಮೇಲಿನ ಒಂದೆರಡು ಮೀಟರು ಮಣ್ಣಿನಲ್ಲಿ ಉಳಿದ ನೀರು ಮಾತ್ರ. ಮೇಲ್ಮಣ್ಣು ಬೇಗ ಒಣಗುತ್ತದೆ. ಕೆಳಗಿನ ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ. ಆದಕಾರಣ ಆಳಕ್ಕೆ ಇಳಿಯುವ ಬೇರುಳ್ಳ ಗಿಡಕ್ಕೆ ದೊಡ್ಡ ಉಗ್ರಾಣ ದೊರೆತಂತಾಗುತ್ತದೆ.

ಎರಡನೆಯದು ನಾಳಗಳ ರಚನೆ. ಬೇರಿನಿಂದ ಎಲೆಗೆ ನೀರನ್ನು ಒಯ್ಯುವ ಕ್ಸೈಲಂ ನಾಳಗಳಲ್ಲಿ ನೀರಿನ ಎಳೆಯು ಮೇಲಿನಿಂದ ಎಳೆಯಲ್ಪಡುತ್ತ ಇರುತ್ತದೆ. ಅಗಲವಾದ ನಾಳದಲ್ಲಿ ನೀರು ಸಲೀಸಾಗಿ ಏರುತ್ತದೆ. ಆದರೆ ಮಣ್ಣು ಒಣಗಿ ಎಳೆತ ಹೆಚ್ಚಿದಾಗ ಎಳೆಯು ತುಂಡಾಗಿ, ನಾಳದಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡು, ಆ ನಾಳ ಕೆಲಸಕ್ಕೆ ಬಾರದೆ ಹೋಗಬಹುದು. ಅಗಲವಾದ ನಾಳಗಳು ಸಾಮಾನ್ಯವಾಗಿ ಈ ಅಪಾಯಕ್ಕೆ ಹೆಚ್ಚು ಗುರಿಯಾಗುತ್ತವೆ. ನೀರು ಸಮೃದ್ಧವಾಗಿರುವಾಗ ಲಾಭವಾದ ರಚನೆಯು ಬರದಲ್ಲಿ ನಷ್ಟಕ್ಕೆ ಕಾರಣವಾದೀತು.

ಮೂರನೆಯದು ಬೇರು ಎಲೆಗೆ ಕಳುಹಿಸುವ ಸೂಚನೆ. ಗಿಡವು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತಲೂ ಹೆಚ್ಚು ಎಲೆಗಳ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಬರ ಬಂದಾಗ ಈ ರಂಧ್ರಗಳನ್ನು ಮುಚ್ಚಿಕೊಳ್ಳಬೇಕು. ಮುಚ್ಚಿಸುವ ಮುಖ್ಯ ರಾಸಾಯನಿಕ ಅಬ್ಸಿಸಿಕ್ ಆಮ್ಲ. ಹೆಸರಘಟ್ಟದ ಸಂಸ್ಥೆಯಲ್ಲಿ ಬೇರೆಬೇರೆ ಬೇರುಸಸಿಗಳ ಮೇಲೆ ಕಸಿ ಮಾಡಿದ ದ್ರಾಕ್ಷಿಗಿಡಗಳಿಗೆ ನೀರನ್ನು ತಗ್ಗಿಸಿ ನೋಡಿದಾಗ, ಈ ಆಮ್ಲದ ಪ್ರಮಾಣ ಏರಿ, ಬೆಳವಣಿಗೆಯನ್ನು ಪ್ರಚೋದಿಸುವ ಸೈಟೊಕೈನಿನ್ ಎಂಬ ದ್ರವ್ಯದ ಪ್ರಮಾಣ ಇಳಿಯಿತು. ಈ ಏರಿಳಿತವು ಬೇರುಸಸಿಯಿಂದ ಬೇರುಸಸಿಗೆ ಭಿನ್ನವಾಗಿತ್ತು. ಮೇಲಿನ ತಳಿ ಒಂದೇ ಆಗಿದ್ದರೂ ಕೆಳಗಿನ ಬೇರಿಗೆ ತಕ್ಕಂತೆ ಎಲೆಯ ನಡವಳಿಕೆ ಬದಲಾಗುತ್ತದೆಂದು ಇದರಿಂದ ತಿಳಿಯುತ್ತದೆ.

ಆದರೆ ಬೇರೊಂದೇ ಅಪ್ಪಣೆ ಕೊಡುತ್ತದೆ, ಎಲೆ ಪಾಲಿಸುತ್ತದೆ ಎಂದು ತಿಳಿಯಬಾರದು. ಹೋಲ್‌ಬ್ರೂಕ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಆಮ್ಲವನ್ನು ಸರಿಯಾಗಿ ತಯಾರಿಸಲಾರದ ಟೊಮೇಟೊ ಬೇರಿನ ಮೇಲೆ ಸಾಮಾನ್ಯ ಟೊಮೇಟೊ ಕುಡಿಯನ್ನು ಕಸಿ ಮಾಡಿದರು. ಮಣ್ಣು ಒಣಗಿದಾಗ ಆ ಗಿಡದ ಎಲೆಗಳೂ ರಂಧ್ರಗಳನ್ನು ಮುಚ್ಚಿಕೊಂಡವು. ಎಂದರೆ ಬೇಕಾದ ಆಮ್ಲವನ್ನು ಮೇಲ್ಭಾಗವೇ ತಯಾರಿಸಿಕೊಳ್ಳಬಲ್ಲದು. ಬೇರು ಮತ್ತು ಎಲೆಗಳ ನಡುವಣ ವ್ಯವಹಾರ ಎರಡೂ ಕಡೆಯಿಂದ ನಡೆಯುವಂಥದು. ಬೇರುಸಸಿಯನ್ನು ಆರಿಸುವಾಗ ಮೇಲಿನ ತಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಲ್ಕನೆಯದು ಉಪ್ಪನ್ನು ತಡೆಯುವ ಶಕ್ತಿ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರಿಗೆ ಅದನ್ನು ಹೀರುವುದು ಕಷ್ಟ. ನೀರಿದ್ದೂ ಗಿಡಕ್ಕೆ ಬರದ ಅನುಭವವಾಗುತ್ತದೆ. ಹೀರಿದ ಕ್ಲೋರೈಡು ಎಲೆಯಂಚಿನಲ್ಲಿ ಸೇರಿ ಅದನ್ನು ಸುಡುತ್ತದೆ. ಚಾಂಪಿನಿಯೈ ಜಾತಿಯ ಬೇರುಗಳು ಕ್ಲೋರೈಡನ್ನು ಬಹುಮಟ್ಟಿಗೆ ಬೇರಿನಲ್ಲಿಯೇ ತಡೆಹಿಡಿಯುತ್ತವೆ. ಉಪ್ಪುನೀರಿನ ಬಾವಿಗಳ ಸೀಮೆಯಲ್ಲಿ ಡಾಗ್‌ರಿಡ್ಜಿಗೆ ಮನ್ನಣೆ ದೊರೆಯಲು ಇದೂ ಕಾರಣ.

ಒಂದು ಸಣ್ಣ ಲೆಕ್ಕ

ಇಷ್ಟು ಓದಿದ ವಿದ್ಯಾರ್ಥಿಗೆ, ಆಳವಾದ ಬೇರುಳ್ಳ, ಬಲಿಷ್ಠವಾದ ಬೇರುಸಸಿಯನ್ನು ಆರಿಸಿಬಿಟ್ಟರೆ ಸಮಸ್ಯೆ ತೀರಿತು ಎಂದು ತೋರಬಹುದು. ಹಾಗಲ್ಲವೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಇಲ್ಲಿನ ಅಂಕಿಗಳು ಯಾವುದೇ ತೋಟದಲ್ಲಿ ಅಳೆದವಲ್ಲ, ತಿಳಿವಳಿಕೆಗಾಗಿ ಇಟ್ಟುಕೊಂಡವು.

ನಮ್ಮ ಕೆಂಪುಮಣ್ಣಿನ ಒಂದು ಮೀಟರು ಆಳವು ಗಿಡಕ್ಕೆ ದಕ್ಕುವಂತೆ ೧೦೦ ಮಿಲಿಮೀಟರು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ತೋಟವು ದಿನಕ್ಕೆ ೪ ಮಿಲಿಮೀಟರು ನೀರನ್ನು ಬಳಸಲಿ. ಬೇರು ೬೦ ಸೆಂಟಿಮೀಟರಿನವರೆಗೆ ಮಾತ್ರ ಇಳಿದಿದ್ದರೆ ಉಗ್ರಾಣದಲ್ಲಿರುವುದು ೬೦ ಮಿಲಿಮೀಟರು. ಮಳೆ ನಿಂತ ಮೇಲೆ ಅದು ೧೫ ದಿನಕ್ಕೆ ತೀರುತ್ತದೆ. ಬೇರು ೧೨೦ ಸೆಂಟಿಮೀಟರು ಇಳಿದಿದ್ದರೆ ೧೨೦ ಮಿಲಿಮೀಟರು ನೀರು ದೊರೆತು ಗಿಡವು ೩೦ ದಿನ ತಾಳುತ್ತದೆ. ಇಲ್ಲಿಯವರೆಗೆ ಆಳವಾದ ಬೇರಿನದೇ ಗೆಲುವು.

ಆದರೆ ಬಲಿಷ್ಠವಾದ ಬೇರು ಮೇಲ್ಭಾಗವನ್ನೂ ಬಲವಾಗಿ ಬೆಳೆಸುತ್ತದೆ. ಎಲೆಗಳು ಹೆಚ್ಚಿದಂತೆ ಆವಿಯಾಗುವ ನೀರೂ ಹೆಚ್ಚುತ್ತದೆ. ದಿನದ ಬಳಕೆ ೪ರಿಂದ ೬ ಮಿಲಿಮೀಟರಿಗೆ ಏರಿತೆನ್ನೋಣ. ಆಗ ಅದೇ ೧೨೦ ಮಿಲಿಮೀಟರು ೨೦ ದಿನಕ್ಕೆ ಮುಗಿಯುತ್ತದೆ. ಲಾಭದ ೧೫ ದಿನಗಳಲ್ಲಿ ೧೦ ಕರಗಿಹೋದವು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅದೇ ತೋಟದಲ್ಲಿ ೬೦ ಸೆಂಟಿಮೀಟರಿನ ಕೆಳಗೆ ಬಂಡೆಯಿದ್ದರೆ? ಎಷ್ಟೇ ಬಲವಾದ ಬೇರಾದರೂ ಅಲ್ಲಿಗೆ ನಿಲ್ಲಬೇಕು. ಆಗ ಉಗ್ರಾಣ ೬೦, ದಿನದ ಖರ್ಚು ೬. ಗಿಡವು ತಾಳುವುದು ೧೦ ದಿನ ಮಾತ್ರ. ಬಲಹೀನವಾದ ಬೇರಿನ ಗಿಡ ೧೫ ದಿನ ತಾಳುತ್ತಿದ್ದ ನೆಲದಲ್ಲಿ, ಬರವನ್ನು ತಾಳುತ್ತದೆಂದು ಹೆಸರು ಪಡೆದ ಗಿಡವು ಐದು ದಿನ ಮೊದಲೇ ಬಾಡುತ್ತದೆ! ಬೇರುಸಸಿಯ ಹೆಸರನ್ನು ನೋಡಿ, ತನ್ನ ನೆಲವನ್ನು ನೋಡದವನಿಗೆ ಆಗುವ ನಷ್ಟ ಇದು. ಇದಕ್ಕೆ ಎದುರಾಗಿ, ಆಳದ ಬೇರಿನೊಡನೆ ಪತ್ರರಂಧ್ರಗಳನ್ನು ಬೇಗ ಬಿಗಿಹಿಡಿಯುವ ಗುಣವೂ ಸೇರಿ ದಿನದ ಬಳಕೆ ೩ ಮಿಲಿಮೀಟರಿಗೆ ಇಳಿದರೆ, ೧೨೦ ಮಿಲಿಮೀಟರು ೪೦ ದಿನ ಬರುತ್ತದೆ. ಆದರೆ ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡೂ ಒಳಗೆ ಬಾರದು. ದ್ಯುತಿಸಂಶ್ಲೇಷಣೆ ತಗ್ಗಿ ಹಣ್ಣು ಸಣ್ಣದಾದೀತು. ಗಿಡ ಉಳಿದರೂ ಆ ವರ್ಷದ ಫಸಲು ಉಳಿಯದೆ ಹೋಗಬಹುದು.

ಆದ್ದರಿಂದ 'ಬರವನ್ನು ತಾಳುತ್ತದೆ' ಎಂಬ ಮಾತನ್ನು ಕೇಳಿದಾಗ ಯಾವ ಅರ್ಥದಲ್ಲಿ ಎಂದು ವಿಚಾರಿಸಬೇಕು. ಗಿಡ ಸಾಯದೆ ಉಳಿಯುವುದು ಒಂದು. ಬರದಲ್ಲಿಯೂ ಫಸಲು ಕೊಡುವುದು ಇನ್ನೊಂದು. ಬಳಸಿದ ಪ್ರತಿ ಲೀಟರು ನೀರಿಗೆ ಹೆಚ್ಚು ಹಣ್ಣು ಕೊಡುವುದು ಮತ್ತೊಂದು. ಮೂರೂ ಒಂದೇ ಬೇರುಸಸಿಯಲ್ಲಿ ಕೂಡಿರುತ್ತವೆಂಬ ನಿಯಮವೇನೂ ಇಲ್ಲ.

ಡಾಗ್‌ರಿಡ್ಜಿನ ಅನುಭವವೇ ಇದಕ್ಕೆ ಸಾಕ್ಷಿ. ಅದು ಬಡಮಣ್ಣಿನಲ್ಲಿಯೂ ನೀರಿನ ಕೊರತೆಯಲ್ಲಿಯೂ ಬಳ್ಳಿಯನ್ನು ಉಳಿಸಿತು, ನಿಜ. ಫಲವತ್ತಾದ ಮಣ್ಣಿನಲ್ಲಿ ನೀರು ಗೊಬ್ಬರ ಧಾರಾಳವಾಗಿ ದೊರೆತಾಗ ಅದೇ ಬೇರು ಬಳ್ಳಿಯನ್ನು ಅತಿಯಾಗಿ ಬೆಳೆಸಿತು. ಚಪ್ಪರದ ತುಂಬ ಎಲೆ ದಟ್ಟೈಸಿ, ಕಣ್ಣುಗಳಿಗೆ ಬಿಸಿಲು ಸಾಲದೆ, ಗೊಂಚಲುಗಳು ಕಡಿಮೆಯಾದವು. ಕ್ಲೋರೈಡನ್ನು ತಡೆಯುವ ಆ ಬೇರು ಸೋಡಿಯಂ ಅನ್ನು ಅಷ್ಟು ಚೆನ್ನಾಗಿ ತಡೆಯಲಾರದೆಂಬ ದೂರೂ ವರ್ಷಗಳು ಕಳೆದಂತೆ ಕೇಳಿಬಂದಿತು. ಹೀಗಾಗಿ ೧೧೦ ರಿಷ್ಟರ್ ಮೊದಲಾದ ಬೇರೆ ಬೇರುಸಸಿಗಳ ಕಡೆಗೂ ಗಮನ ಹರಿದಿದೆ.

ಸೇಬಿನ ಸಾಕ್ಷ್ಯ

ಇದೇ ಪಾಠವನ್ನು ಸೇಬು ಇನ್ನೊಂದು ದಿಕ್ಕಿನಿಂದ ಕಲಿಸುತ್ತದೆ. ಇಂಗ್ಲೆಂಡಿನಲ್ಲಿ ೧೯೧೩ರಲ್ಲಿ ಸ್ಥಾಪಿತವಾದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಹ್ಯಾಟನ್ ಎಂಬ ವಿಜ್ಞಾನಿಯು, ಹೆಸರುಗಳು ಕಲಸಿಹೋಗಿದ್ದ ಸೇಬಿನ ಬೇರುಸಸಿಗಳನ್ನು ವಿಂಗಡಿಸಿ ಕ್ರಮಸಂಖ್ಯೆಗಳನ್ನು ಕೊಟ್ಟನು. ಅವುಗಳಲ್ಲಿ 'ಎಂ ೯' ಎಂಬುದು ಮರವನ್ನು ಕುಳ್ಳಾಗಿ ಇರಿಸಿ ಬೇಗ ಹಣ್ಣು ಬಿಡಿಸುತ್ತದೆ. ಆದರೆ ಅದರ ಬೇರು ಆಳವಿಲ್ಲದ್ದು, ಹಿಡಿತವಿಲ್ಲದ್ದು. ಮರಕ್ಕೆ ಊರುಗೋಲೂ ಬೇಕು, ತಪ್ಪದೆ ನೀರೂ ಬೇಕು. ಮುಂದೆ ಮರ್ಟನ್‌ನ ಜಾನ್ ಇನ್ಸ್ ಸಂಸ್ಥೆಯೊಡನೆ ಸೇರಿ ರೂಪಿಸಿದ 'ಎಂಎಂ ೧೧೧' ಬೇರಿನ ಮೇಲೆ ಮರವು ಎತ್ತರವಾಗಿ ಬೆಳೆದು ಫಲಕ್ಕೆ ಬರಲು ತಡವಾಗುತ್ತದೆ; ಆದರೆ ಒಣ ನೆಲವನ್ನು ಅದು ಚೆನ್ನಾಗಿ ತಾಳುತ್ತದೆ.

ಹಿಮಾಚಲ ಪ್ರದೇಶದ ಬೆಟ್ಟಗಳಲ್ಲಿ ಈ ಎರಡು ಬಗೆಯ ತೋಟಗಳೂ ಉಂಟು. ಹನಿನೀರಾವರಿಯಿದ್ದಲ್ಲಿ ಕುಳ್ಳುಮರಗಳನ್ನು ಒತ್ತಾಗಿ ನೆಡುತ್ತಾರೆ. ಮಳೆಯನ್ನೇ ನಂಬಿದ ಇಳಿಜಾರುಗಳಲ್ಲಿ ಬೀಜದಿಂದ ಎದ್ದ ಬೇರುಸಸಿಯೋ ಎಂಎಂ ೧೧೧ರಂಥ ಗಟ್ಟಿ ಬೇರೋ ಬೇಕು. ಕೆಲವು ವರ್ಷಗಳಿಂದ ನಮ್ಮ ಬಯಲುಸೀಮೆಯಲ್ಲಿಯೂ ಅನ್ನಾ, ಹೆಚ್‌ಆರ್‌ಎಂಎನ್ ೯೯ ಮುಂತಾದ, ಹೆಚ್ಚು ಚಳಿ ಬೇಡದ ಸೇಬಿನ ತಳಿಗಳನ್ನು ನೆಟ್ಟು ನೋಡುತ್ತಿರುವ ರೈತರಿದ್ದಾರೆ. ಚಳಿಯ ಪ್ರಶ್ನೆಗೆ ಉತ್ತರ ಕಸಿಕಡ್ಡಿಯಲ್ಲಿದೆ; ನೀರಿನ ಪ್ರಶ್ನೆಗೆ ಉತ್ತರವನ್ನು ಬೇರುಸಸಿಯಲ್ಲಿ ಹುಡುಕಬೇಕು.

ಬೇರುಸಸಿಯನ್ನು ಹೇಗೆ ಬೆಳೆಸಿದರೆಂಬುದೂ ಗಮನಿಸತಕ್ಕ ವಿಷಯ. ಒಣಸೀಮೆಯಲ್ಲಿ ಎಲಚಿಯ ತೋಟ ಮಾಡುವಾಗ ಕಾಡು ಎಲಚಿಯ ಬೀಜವನ್ನು ಗಿಡ ನಿಲ್ಲಬೇಕಾದ ಗುಣಿಯಲ್ಲಿಯೇ ಬಿತ್ತಿ, ಸಸಿ ಬಲಿತ ಮೇಲೆ ಅಲ್ಲಿಯೇ ಒಳ್ಳೆಯ ತಳಿಯ ಕಣ್ಣು ಹಾಕುವ ಪದ್ಧತಿಯುಂಟು. ಬುಡವನ್ನು ಕದಲಿಸದೆ ಇರುವುದರಿಂದ ತಾಯಿಬೇರು ಮುರಿಯದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಅದೇ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಬೆಳೆಸಿದರೆ ಬೇರು ತಳದಲ್ಲಿ ಸುತ್ತಿಕೊಂಡು, ನೆಟ್ಟ ಮೇಲೂ ಆ ಸುರುಳಿಯಿಂದ ಬಿಡಿಸಿಕೊಳ್ಳಲು ಒದ್ದಾಡುತ್ತದೆ. ಜಾತಿ ಒಳ್ಳೆಯದಾದರೂ ಬೆಳೆಸಿದ ಬಗೆ ಕೆಟ್ಟದಾದರೆ ಗುಣ ಹೊರಕ್ಕೆ ಬಾರದು.

ಶಾಲೆಯಲ್ಲಿಯೇ ಮಾಡಬಹುದಾದ ಪ್ರಯೋಗ

ಈ ವಿಷಯವನ್ನು ಓದಿ ಬಿಡುವುದಕ್ಕಿಂತ ಮಾಡಿ ನೋಡುವುದು ಮೇಲು. ಟೊಮೇಟೊ ಮತ್ತು ಬದನೆ ಒಂದೇ ಕುಟುಂಬದವು. ಬದನೆಯ ಬೇರಿನ ಮೇಲೆ ಟೊಮೇಟೊ ಕುಡಿ ಕೂಡುತ್ತದೆ. ಎರಡರ ಸಸಿಗಳನ್ನೂ ಪೆನ್ಸಿಲಿಗಿಂತ ತುಸು ತೆಳ್ಳಗಿರುವಾಗ ತೆಗೆದುಕೊಂಡು, ಶುಚಿಯಾದ ಬ್ಲೇಡಿನಿಂದ ಕೊಯ್ಯಿರಿ. ಕೆಲವು ಟೊಮೇಟೊ ಕುಡಿಗಳನ್ನು ಬದನೆಯ ಬುಡದ ಮೇಲೆಯೂ ಕೆಲವನ್ನು ಟೊಮೇಟೊ ಬುಡದ ಮೇಲೆಯೂ ಬೆಣೆಯಂತೆ ಕೂಡಿಸಿ ಕಟ್ಟಿರಿ. ಗಿಡಗಳಿಗೆ ಪಾಲಿಥೀನ್ ಚೀಲವನ್ನು ಹೊದಿಸಿ ಒಂದು ವಾರ ನೆರಳಿನಲ್ಲಿಡಿ. ಅನಂತರ ಸ್ವಲ್ಪಸ್ವಲ್ಪವಾಗಿ ಗಾಳಿ ಬಿಸಿಲುಗಳಿಗೆ ಒಗ್ಗಿಸಿರಿ. ಕೆಲವು ಸಸಿಗಳು ಸಾಯುವುದು ಸಹಜವಾದ್ದರಿಂದ ಬೇಕಾದುದಕ್ಕಿಂತ ಹೆಚ್ಚು ಕಸಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಗಿಡಗಳು ಚೇತರಿಸಿಕೊಂಡ ಮೇಲೆ ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ತೂಕದ ಮಣ್ಣಿನಲ್ಲಿ ಬೆಳೆಸಿ, ಒಂದು ದಿನ ಎಲ್ಲಕ್ಕೂ ತುಂಬ ನೀರೆರೆದು, ಹೆಚ್ಚಿನ ನೀರು ಬಸಿದ ಮೇಲೆ ಕುಂಡದ ಬಾಯಿಯನ್ನೂ ತಳದ ರಂಧ್ರವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರಿ. ಇನ್ನು ನೀರು ಹೊರಹೋಗಲು ಎಲೆಯೊಂದೇ ದಾರಿ. ದಿನವೂ ಬೆಳಗ್ಗೆ ಮತ್ತು ಸಂಜೆ ಕುಂಡಗಳನ್ನು ತೂಗಿ ಬರೆದಿಡಿ; ಕಡಮೆಯಾದ ತೂಕವೇ ಎಲೆಗಳು ಬಿಟ್ಟ ನೀರು. ಪ್ರಯೋಗದ ಕೊನೆಯಲ್ಲಿ ಎಲೆಗಳನ್ನು ಚೌಕುಳಿ ಕಾಗದದ ಮೇಲಿಟ್ಟು ಗೆರೆಯೆಳೆದು ವಿಸ್ತೀರ್ಣವನ್ನು ಎಣಿಸಿದರೆ, ಒಂದು ಚದರ ಸೆಂಟಿಮೀಟರು ಎಲೆಯು ದಿನಕ್ಕೆ ಎಷ್ಟು ನೀರು ಬಿಟ್ಟಿತೆಂದು ತಿಳಿಯುತ್ತದೆ. ಯಾವ ಗಿಡ ಮೊದಲು ಬಾಡಿತು, ಯಾವುದು ನೀರಿನ ಖರ್ಚನ್ನು ಮೊದಲು ತಗ್ಗಿಸಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಫಲಿತಾಂಶವನ್ನು ಇಲ್ಲಿ ಹೇಳಿದರೆ ಪ್ರಯೋಗದ ಸ್ವಾರಸ್ಯ ಕೆಡುತ್ತದೆ. ಆದರೆ ಒಂದು ಎಚ್ಚರಿಕೆ: ಕುಂಡದಲ್ಲಿ ಎಲ್ಲ ಬೇರಿಗೂ ದೊರೆಯುವ ಆಳ ಒಂದೇ. ಆಳಕ್ಕೆ ಇಳಿಯುವ ಗುಣ ಕುಂಡದಲ್ಲಿ ಬೆಳಕಿಗೆ ಬಾರದು. ಆದ್ದರಿಂದಲೇ ವಿಜ್ಞಾನಿಗಳು ಕುಂಡದಲ್ಲಿ ಕಂಡದ್ದನ್ನು ಮತ್ತೆ ತೋಟದಲ್ಲಿ ಪರೀಕ್ಷಿಸುತ್ತಾರೆ.

ಆಯ್ಕೆಯ ಹೊಣೆ

ಎಲ್ಲ ನೆಲಕ್ಕೂ ಎಲ್ಲ ತಳಿಗೂ ಒಪ್ಪುವ ಉತ್ತಮ ಬೇರುಸಸಿ ಎಂಬುದಿಲ್ಲ. ಆಳವಾದ ಮಣ್ಣು, ಮಳೆಯೊಂದೇ ಆಧಾರ ಎನ್ನುವವನಿಗೆ ಬೇಕಾದುದು ಒಂದು. ಬಂಡೆಯ ಮೇಲಿನ ತೆಳುಮಣ್ಣಿನವನಿಗೆ ಬೇಕಾದುದು ಇನ್ನೊಂದು. ಉಪ್ಪುನೀರಿನ ಬಾವಿಯವನಿಗೆ ಬೇಕಾದುದು ಮತ್ತೊಂದು. ಆದ್ದರಿಂದ ಗಿಡ ಕೊಳ್ಳುವ ಮೊದಲು ಎರಡು ಕೆಲಸ ಮಾಡಬೇಕು. ತೋಟದಲ್ಲಿ ನಾಲ್ಕಾರು ಕಡೆ ಗುಂಡಿ ತೆಗೆದು ಮಣ್ಣು ಎಷ್ಟು ಆಳವಿದೆಯೆಂದು ನೋಡಬೇಕು, ಬಾವಿಯ ನೀರನ್ನು ಪರೀಕ್ಷೆಗೆ ಕೊಡಬೇಕು. ಆಮೇಲೆ ನರ್ಸರಿಯಲ್ಲಿ, ಹಣ್ಣು ಯಾವುದೆಂದು ಕೇಳಿದಂತೆಯೇ ಬೇರು ಯಾವುದೆಂದೂ ಕೇಳಬೇಕು. ಉತ್ತರ ದೊರೆಯದಿದ್ದರೆ ಆ ಗಿಡವನ್ನು ಬಿಟ್ಟು ಬರುವುದು ಲೇಸು. ಮೇಲಿನ ತಳಿ ಹಿಡ�ಿಸದಿದ್ದರೆ ಕೊಂಬೆಗಳನ್ನು ಕೊಯ್ದು ಬೇರೊಂದು ತಳಿಯನ್ನು ಕಟ್ಟಬಹುದು. ನೆಲದಲ್ಲಿ ಇಳಿದ ಬೇರನ್ನು ಬದಲಿಸುವುದು ಸುಲಭವಲ್ಲ.

ಬೇರುಸಸಿಯಿಂದ ಏನನ್ನು ನಿರೀಕ್ಷಿಸಬಾರದೆಂಬುದನ್ನೂ ತಿಳಿದಿರಬೇಕು. ಒಳ್ಳೆಯ ಬೇರು ಒಂದು ಹನಿ ನೀರನ್ನೂ ಹೊಸದಾಗಿ ಹುಟ್ಟಿಸಲಾರದು. ಮಣ್ಣಿನಲ್ಲಿ ಉಳಿದ ಮಳೆನೀರನ್ನು ಹುಡುಕಿ ತರುತ್ತದೆ, ತಂದುದನ್ನು ಹಿತಮಿತವಾಗಿ ಖರ್ಚು ಮಾಡಿಸುತ್ತದೆ, ಅಷ್ಟೆ. ನಮ್ಮ ಲೆಕ್ಕದಲ್ಲಿ ಅದು ಗಳಿಸಿಕೊಟ್ಟುದು ಹತ್ತು ಹದಿನೈದು ದಿನಗಳ ಅಥವಾ ಹೆಚ್ಚೆಂದರೆ ಮೂರೂವರೆ ವಾರಗಳ ಅವಧಿ. ಮುಂದಿನ ಮಳೆ ಅಷ್ಟರೊಳಗೆ ಬಂದರೆ ತೋಟ ಉಳಿಯುತ್ತದೆ. ಆ ಮಳೆಯನ್ನು ಬದುಗಳಲ್ಲಿ ತಡೆದು ಮಣ್ಣಿಗೆ ಇಳಿಸುವ, ಕುಂಟೆ ಕೆರೆಗಳಲ್ಲಿ ನಿಲ್ಲಿಸುವ ಕೆಲಸ ಮಾತ್ರ ಮನುಷ್ಯನದಾಗಿಯೇ ಉಳಿಯುತ್ತದೆ.